ಅಟ್ಟದ ಮೇಲಿನ ಕೋವಿ

ಸೊಣ್ಣಮ್ಮನ ಕಣ್ಣಿನ ಪೊರೆ ತೆಗೆಸಿದ್ದೇ ಲಕ್ಕಣ್ಣನ ಕಷ್ಟಕ್ಕೆ ಮೂಲವಾಯಿತು. ತಾಯಿಗೆ ಕಣ್ಣು ಕಾಣಲಿ ಎಂದು ಮಗ ಬಯಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಆಪರೇಷನ್ನನ್ನು ಆಯುಧಪೂಜೆ ಕಳೆದ ಮೇಲೆ ಮಾಡಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಬೆಂಗಳೂರಿನ ಅಂಚಿನ ಕೋಗಿಲಿನ ಹಳೇ ಊರಿನಲ್ಲಿ ಲಕ್ಕಣ್ಣನ ಮನೆಗೆ ಈಗಲೂ ಕೋವಿ ಮನೆ ಎಂದೇ ಹೆಸರು. ಕೆರೆಯ ಹಿಂದೆ ರಾಗಿ ಹೊಲಗಳಿದ್ದ ಕಾಲದಲ್ಲಿ ಕಾಡುಹಂದಿ ಓಡಿಸಲೆಂದು ಅವನ ತಾತ ಲೈಸೆನ್ಸ್ ಮಾಡಿಸಿ ತಂದ ಒಂಟಿ ನಳಿಗೆಯ ಕೋವಿ ಅದು. ಈಗ ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆಗಿವೆ. ಹಂದಿ ನುಗ್ಗುತ್ತಿದ್ದ ಕಡೆ ಕಾರುಗಳು ನಿಂತಿವೆ. ಲಕ್ಕಣ್ಣ ಬಾಡಿಗೆ ಎತ್ತಿಕೊಂಡು ನೆಮ್ಮದಿಯಾಗಿದ್ದಾನೆ. ಆದರೂ ಪ್ರತಿವರ್ಷ ಆಯುಧಪೂಜೆಯ ದಿನ ಕೋವಿಯನ್ನು ಅಟ್ಟದಿಂದ ಇಳಿಸಿ ಮಣೆಯ ಮೇಲಿಡುವುದು, ಸೊಣ್ಣಮ್ಮ ಅದಕ್ಕೆ ತನ್ನ ಕೈಯಾರೆ ಕುಂಕುಮ ಇಡುವುದು ತಪ್ಪಿರಲಿಲ್ಲ. ಬೀದಿಯವರು ತಮ್ಮ ತಮ್ಮ ಸ್ಕೂಟರು, ಆಟೋ ತೊಳೆದು ನಿಲ್ಲಿಸಿಕೊಂಡು, ಮೊದಲು ಕೋವಿ ಮನೆ ಪೂಜೆ ಆಗಲಿ ಎಂದು ಕಾಯುತ್ತಿದ್ದರು.

ಆ ಕೋವಿ ಅಟ್ಟದ ಮೇಲಿಲ್ಲ ಎಂಬುದು ಲಕ್ಕಣ್ಣನಿಗೂ ಅವನ ಹೆಂಡತಿ ನಾಗಲಕ್ಷ್ಮಿಗೂ ಮಾತ್ರ ಗೊತ್ತಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಹಿಂದಿನ ಚುನಾವಣೆಯಲ್ಲಿ ಲಕ್ಕಣ್ಣನೂ ಒಪ್ಪಿಸಿದ್ದ. ಮುಗಿದ ಮೇಲೆ ತರಲು ಹೋದರೆ, ಲೈಸೆನ್ಸ್ ತೀರಿಹೋದ ನಿಮ್ಮಪ್ಪನ ಹೆಸರಿನಲ್ಲಿದೆ, ನಿಮ್ಮ ಹೆಸರಿಗೆ ಮಾಡಿಸಿಕೊಂಡು ಬನ್ನಿ ಎಂದರು. ಆಯಿತು, ನಾಳೆಯೇ ಮಾಡಿಸುತ್ತೇನೆ ಎಂದು ಬಂದವನಿಗೆ ಆ ನಾಳೆ ಇನ್ನೂ ಸಿಕ್ಕಿರಲಿಲ್ಲ. ಮನೆ ಕೋವಿ ಪೊಲೀಸರ ಹತ್ತಿರ ಇದೆ ಎಂದು ತಾಯಿಗೆ ಹೇಳುವ ಧೈರ್ಯವೂ ಬರಲಿಲ್ಲ. ಐವತ್ತು ದಾಟಿದ, ಬೀದಿಯಲ್ಲಿ ನಾಲ್ಕು ಜನ ನಮಸ್ಕಾರ ಹಾಕುವ ಮನುಷ್ಯನಾದರೂ, ತಾಯಿ ‘ಏನ್ಲಾ’ ಎಂದರೆ ಅವನಿಗೆ ಇವತ್ತಿಗೂ ನಾಲಿಗೆ ಒಣಗುತ್ತಿತ್ತು.

ಹೀಗಾಗಿ ಎರಡು ವರ್ಷ ಪೂಜೆ ಮಾಡಿಸಿಕೊಂಡದ್ದು ಬೋರ್‌ವೆಲ್ ಕೊರೆಸಿದಾಗ ಮಿಕ್ಕಿದ್ದ ಪಿವಿಸಿ ಪೈಪಿನ ತುಂಡು. ಗೇಟಿಗೆ ಹೊಡೆದು ಉಳಿದ ಕಪ್ಪು ಪೇಂಟನ್ನು ಅದಕ್ಕೆ ಬಳಿದು, ಬಾಡಿಗೆಯವರ ಮಕ್ಕಳು ಮುರಿದು ಬಿಸಾಡಿದ ಕ್ರಿಕೆಟ್ ಬ್ಯಾಟನ್ನು ಹಿಂಭಾಗಕ್ಕೆ ತಂತಿಯಲ್ಲಿ ಬಿಗಿದು, ಮೇಲೆ ದಪ್ಪ ಚೆಂಡುಹೂವಿನ ಹಾರ ಹೊದಿಸಿ ಲಕ್ಕಣ್ಣ ಮಣೆಯ ಮೇಲಿಡುತ್ತಿದ್ದ. ಪೊರೆ ಬಂದ ಕಣ್ಣಿಗೆ ಅದೇ ಕೋವಿ. ಸೊಣ್ಣಮ್ಮ ಭಕ್ತಿಯಿಂದ ಕುಂಕುಮ ಇಡುತ್ತಿದ್ದಳು. ಲಕ್ಕಣ್ಣ ಪಾಪಪ್ರಜ್ಞೆಯಿಂದ ಹೆಚ್ಚು ತೆಂಗಿನಕಾಯಿ ಒಡೆಯುತ್ತಿದ್ದ.

ಈ ವರ್ಷ ಪೊರೆ ಹೋಯಿತು. ಪಟ್ಟಿ ಬಿಚ್ಚಿದ ಕೂಡಲೇ ಸೊಣ್ಣಮ್ಮ ಮಗನ ಮುಖ ನೋಡಿ, “ಏನ್ಲಾ, ಇಷ್ಟೊಂದು ಮುದುಕ ಆಗ್ಬುಟ್ಟಿದೀಯ?” ಎಂದು ಮರುಗಿದಳು. ಮನೆಗೆ ಬಂದ ಮೇಲೆ ಮರುಕ ನಿಂತು ತಪಾಸಣೆ ಶುರುವಾಯಿತು. ಗಂಡನ ಫೋಟೋದ ಹಾರ ಪ್ಲಾಸ್ಟಿಕ್ಕಿನದು ಎಂದು ಕಂಡಿತು. ತನ್ನ ತವರಿನ ತಾಮ್ರದ ಹಂಡೆಯಲ್ಲಿ ಎದುರು ಮನೆ ಬಾಡಿಗೆಯವರು ಗುಲಾಬಿ ಗಿಡ ಬೆಳೆಸಿರುವುದೂ ಕಂಡಿತು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಅಟ್ಟದ ಕಡೆ ಮುಖ ಎತ್ತಿದಳು.

“ಕೋವಿ ಇಳ್ಸು. ಈ ಸಲ ನಾನೇ ಒರ್ಸಿ ಎಣ್ಣೆ ತಿಕ್ತೀನಿ. ಕಣ್ಣು ಬಂದೈತೆ.”

“ಧೂಳಿದೆ ಕಣಮ್ಮ. ಸಾಯಂಕಾಲ ಇಳಿಸ್ತೀನಿ.”

“ದೀಪ ಅಚ್ಚೋದ್ರೊಳ್ಗೆ ನನ್ ಮುಂದೆ ಇರ್ಬೇಕು ಅಷ್ಟೇ.”

ಅಡುಗೆಮನೆಯಲ್ಲಿ ನಾಗಲಕ್ಷ್ಮಿ ಪಿಸುಗುಟ್ಟಿದಳು. “ನಿಜ ಹೇಳ್ಬಿಡಿ ಅಂದ್ರೆ ಎರಡು ವರ್ಷದಿಂದ ಕೇಳಲ್ಲ. ಈಗ್ಲಾದ್ರೂ ಹೇಳಿ.”

“ಕೋವಿ ಠಾಣೇಲಿದೆ ಅಂತ ಹೇಳ್ಬಹುದು. ಪೈಪಿಗೆ ಕೈ ಮುಗಿಸಿದೆ ಅಂತ ಹೇಳೋದು ಹೆಂಗೆ?” ಎಂದ ಲಕ್ಕಣ್ಣ.

ಅವನು ನೇರವಾಗಿ ಠಾಣೆಗೆ ಹೋದ. ಅಲ್ಲಿ ಇದ್ದವರು ಹೆಡ್ ಕಾನ್‌ಸ್ಟೇಬಲ್ ಪಂಚಪ್ಪ ಒಬ್ಬರೇ. ಠಾಣೆಯಲ್ಲಿ ಒಪ್ಪಿಸಿದ ಸಾಮಾನುಗಳಿಗೆಲ್ಲ ಅವರೇ ಕಾವಲು.

“ಒಂದು ದಿನದ ಮಟ್ಟಿಗೆ ಕೊಡಿ ಸಾರ್. ನಾಡಿದ್ದು ಬೆಳಿಗ್ಗೆ ನಾನೇ ತಂದಿಡ್ತೀನಿ,” ಎಂದು ಲಕ್ಕಣ್ಣ ಬೇಡಿಕೊಂಡ.

“ಶಾಮಿಯಾನ ಅಂದ್ಕೊಂಡ್ರಾ, ದಿನದ ಬಾಡಿಗೆಗೆ ಕೊಡೋಕೆ?”

“ಹೋಗ್ಲಿ, ಒಂದ್ಸಲ ಕಣ್ಣಲ್ಲಾದ್ರೂ ನೋಡ್ತೀನಿ. ಒಂದು ಫೋಟೋ ತಕ್ಕೊಂಡು ಹೋಗ್ತೀನಿ.”

ಪಂಚಪ್ಪ ಕಿವಿ ಕೆರೆದುಕೊಂಡು ಗೋಡೆ ನೋಡಿದರು. “ಈಗ ಆಗಲ್ಲ. ಸ್ಟೋರಿನ ಬೀಗದ ಕೈ ಸಾಹೇಬ್ರ ಹತ್ರ ಇದೆ. ಸಾಹೇಬ್ರು ಸ್ಪೆಷಲ್ ಡ್ರೈವ್ ಮೇಲೆ ಹೋಗಿದ್ದಾರೆ. ಕದ್ದುಮುಚ್ಚಿ ಕೋವಿ ಪಿಸ್ತೂಲು ಮಾರೋರನ್ನ ಹಿಡಿದಿದ್ದಾಯ್ತು, ಈಗ ಕೊಳ್ಳೋಕ್ ಬರೋರನ್ನ ಹಿಡಿದು ಕೇಸ್ ಹಾಕಿ ಅಂತ ಸರ್ಕಾರದ ಆರ್ಡರ್. ಹಬ್ಬ ಕಳೀಲಿ, ಬನ್ನಿ.”

ಬೇರೆ ದಿನವಾಗಿದ್ದರೆ ಈ ಮಾತು ಲಕ್ಕಣ್ಣನ ತಲೆಗೆ ಇಳಿಯುತ್ತಿತ್ತೇನೋ. ಅವತ್ತು ತಲೆಯ ತುಂಬ ತಾಯಿಯೇ ಕೂತಿದ್ದಳು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟುಬಿಟ್ಟ.

ಊರ ಮುಂದಿನ ಅರಳಿಕಟ್ಟೆಯ ಮೇಲೆ ಅವನು ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದನ್ನು ಪಕ್ಕದ ಮನೆಯ ಪಿಳ್ಳಣ್ಣ ನೋಡಿದ. ಪಿಳ್ಳಣ್ಣ ನಿವೃತ್ತ ಬಸ್ ಕಂಡಕ್ಟರ್. ಯಾರ ಮುಖ ಬಾಡಿದ್ದರೂ ಅಲ್ಲೊಂದು ಸ್ಟಾಪ್ ಕೊಡುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. ಕೆದಕಿ ಕೆದಕಿ ಎಲ್ಲವನ್ನೂ ಹೊರಗೆ ಹಾಕಿಸಿದ.

“ಇಷ್ಟೇನಾ? ಅದೇ ತರದ್ದು ಒಂದು ಹಳೇ ಕೋವಿ ತಂದಿಟ್ರೆ ಆಯ್ತು. ದುಡ್ಡು ಕೊಟ್ರೆ ಬೆಂಗಳೂರಲ್ಲಿ ಏನ್ ಸಿಗಲ್ಲ?”

“ಲೈಸೆನ್ಸ್ ಇಲ್ದೆ ಕೊಂಡ್ಕೊಳ್ಳೋದು ತಪ್ಪಲ್ವೇನೋ?”

“ಸುಡೋಕೆ ಕೊಂಡ್ಕೊಂಡ್ರೆ ತಪ್ಪು. ನೀನು ಕುಂಕುಮ ಇಡೋಕೆ ತಾನೇ ಕೊಂಡ್ಕೊಳ್ಳೋದು? ಅದರಲ್ಲಿ ಏನ್ ತಪ್ಪು?”

ಕಷ್ಟದಲ್ಲಿರುವವನಿಗೆ ಕಾನೂನನ್ನು ಯಾರು ಹೇಗೆ ವಿವರಿಸಿದರೂ ಸರಿ ಎನಿಸುತ್ತದೆ. ಲಕ್ಕಣ್ಣ ತಲೆಯಾಡಿಸಿದ. “ಯಾರಿಗೂ ಹೇಳ್ಬೇಡ ಮತ್ತೆ,” ಎಂದ.

“ಸತ್ರೂ ಬಾಯಿ ಬಿಡಲ್ಲ,” ಎಂದು ಪಿಳ್ಳಣ್ಣ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಲಕ್ಕಣ್ಣನ ಜೇಬಿನಲ್ಲಿ ಫೋನು ನಡುಗಿತು. ಹಳೇ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಪಿಳ್ಳಣ್ಣನ ಸಂದೇಶ: ‘ಅರ್ಜೆಂಟ್. ನಮ್ಮ ಲಕ್ಕಣ್ಣನಿಗೆ ಒಂದು ಹಳೇ ಕೋವಿ ಬೇಕಾಗಿದೆ. ಲೈಸೆನ್ಸ್ ಇಲ್ಲದಿದ್ದರೂ ನಡೆಯುತ್ತದೆ. ಸಂಜೆಯೊಳಗೆ. ಇದ್ದವರು ಈ ನಂಬರಿಗೆ ಫೋನ್ ಮಾಡಿ.’ ಕೆಳಗೆ ಲಕ್ಕಣ್ಣನದೇ ನಂಬರು.

ಗುಂಪಿನವರು ಕೈಲಾದ ಸಹಾಯ ಮಾಡಿದರು. ಕೆಲವರು ಕೈ ಮುಗಿದರು. ಒಬ್ಬ, “ಸೈಟಿನ ವಿಷ್ಯನಾ ಅಣ್ಣ?” ಎಂದು ಕೇಳಿದ. ಇನ್ನೊಬ್ಬ, ಕೋವಿ ಇಲ್ಲ, ಉಪಯೋಗಿಸದ ವ್ಯಾಯಾಮದ ಸೈಕಲ್ ಇದೆ ಎಂದು ಬರೆದ. ಲಕ್ಕಣ್ಣ ಪಿಳ್ಳಣ್ಣನನ್ನು ಹುಡುಕಿಕೊಂಡು ಹೊರಡುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

“ಕೋವಿ ಬೇಕಂತೆ? ತಾತನ ಕಾಲದ್ದಿದೆ. ಒಂಟಿ ನಳಿಗೆ,” ಎಂದಿತು ಒಂದು ಎಳೆ ದನಿ.

ಲಕ್ಕಣ್ಣನಿಗೆ ಕೈಕಾಲಿನಲ್ಲಿ ಜೀವ ಬಂತು. “ನಮ್ಮೂರ ಕಡೆ ಬೇಡ. ಪರಿಚಯದವರು ಯಾರೂ ಇಲ್ದಿರೋ ಜಾಗ ಹೇಳಿ.”

“ಹೆಬ್ಬಾಳದ ಫ್ಲೈಓವರ್ ಕೆಳಗೆ ಬನ್ನಿ. ಬೂದುಗುಂಬಳಕಾಯಿ ರಾಶಿ ಹಾಕ್ಕೊಂಡು ಕೂತಿರ್ತೀನಿ. ಕೆಂಪು ಟೋಪಿ.”

ಹಬ್ಬದ ಹಿಂದಿನ ದಿನ ಹೆಬ್ಬಾಳದಲ್ಲಿ ಬೂದುಗುಂಬಳಕಾಯಿ ರಾಶಿ ಇಲ್ಲದ ಜಾಗ ಎಲ್ಲಿದೆ? ಫ್ಲೈಓವರ್ ಕೆಳಗೆ ಉದ್ದಕ್ಕೂ ಕಾಯಿ, ಬಾಳೆಕಂದು, ಚೆಂಡುಹೂವು ಸುರಿದಿತ್ತು. ಪರಿಚಯದವರು ಬೇಡ ಎಂದರೆ ಕೋಗಿಲಿನ ಅರ್ಧ ಊರೇ ಅಲ್ಲಿ ವ್ಯಾಪಾರಕ್ಕೆ ಬಂದಿತ್ತು. ಸ್ಕೂಟರ್ ನಿಲ್ಲಿಸುವುದರೊಳಗೆ ಮೂರ್ನಾಲ್ಕು ಜನ, “ಲಕ್ಕಣ್ಣ, ಕೋವಿ ಸಿಕ್ತಾ?” ಎಂದು ಕೇಳಿಕೊಂಡು ಹೋದರು. ಅವನು ಹೆಲ್ಮೆಟ್ ತೆಗೆಯದೆ ಕೆಂಪು ಟೋಪಿಯನ್ನು ಹುಡುಕಿದ.

ಟೋಪಿಯವನು, ಗುಂಪಿನಿಂದ ಗುಂಪಿಗೆ ದಾಟಿ ಬಂದ ಪಿಳ್ಳಣ್ಣನ ಸಂದೇಶ ನೋಡಿ ಫೋನ್ ಮಾಡಿದ ಗೋಕುಲ್ ಎಂಬ ಹೊಸ ಕಾನ್‌ಸ್ಟೇಬಲ್ ಎಂದು ಲಕ್ಕಣ್ಣನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವನು ನಿಜವಾಗಿಯೂ ಕುಂಬಳಕಾಯಿ ಮಾರುತ್ತಿದ್ದ. ಬೇರೆಯವರಿಗಿಂತ ಅಗ್ಗವಾಗಿ ಕೊಡುತ್ತಿದ್ದದ್ದರಿಂದ ಹೆಂಗಸರು ಮುತ್ತಿಕೊಂಡಿದ್ದರು. ಲಕ್ಕಣ್ಣ ಅವರ ನಡುವೆ ತೂರಿಕೊಂಡು ಕೂತ.

“ನಾನೇ ಫೋನಿನಲ್ಲಿ ಮಾತಾಡಿದ್ದು.”

“ಏನ್ ಬೇಕಿತ್ತು? ಬಾಯಿ ಬಿಟ್ಟು ಹೇಳಿ,” ಎಂದ ಗೋಕುಲ್, ಶರಟಿನ ಜೇಬಿನ ಕಡೆ ಬಾಗಿ. ಜೇಬಿನಲ್ಲಿ ಫೋನು ರೆಕಾರ್ಡ್ ಆಗುತ್ತಿತ್ತು.

“ಕೋವಿ.”

“ಲೈಸೆನ್ಸ್ ಇದೆಯಾ?”

“ಇದ್ದಿದ್ರೆ ಕುಂಬಳಕಾಯಿ ಅಂಗಡಿಗೆ ಯಾಕ್ ಬರ್ತಿದ್ದೆ?”

“ಯಾಕೆ ಬೇಕು?”

“ನಮ್ಮಮ್ಮನಿಗೆ ಕಣ್ಣು ಕಾಣೋಕೆ ಶುರುವಾಗಿದೆ. ದೀಪ ಹಚ್ಚೋದ್ರೊಳಗೆ ಕೆಲಸ ಮುಗೀಬೇಕು.”

ಗೋಕುಲ್ ಬೆಚ್ಚಿ ಬಿದ್ದ. ಅಷ್ಟರಲ್ಲಿ ಒಬ್ಬಾಕೆ ಕಾಯೊಂದನ್ನು ತಟ್ಟಿ ನೋಡಿ, “ಇದು ಬಲಿತಿಲ್ಲ ಕಣಪ್ಪ, ಬೇರೆ ಕೊಡು,” ಎಂದು ನಡುವೆ ಬಂದಳು. ಬೇರೆ ಕಾಯಿ ಕೊಟ್ಟು, ಚಿಲ್ಲರೆ ಕೊಟ್ಟು, ಗೋಕುಲ್ ಬಾಳೆಕಂದಿನ ಕಟ್ಟೊಂದನ್ನು ಮುಂದಕ್ಕೆ ಎಳೆದ. ಕಂದುಗಳ ನಡುವೆ ಕಬ್ಬಿಣದ ನಳಿಗೆಯ ತುದಿ ಕಂಡಿತು. ಲಕ್ಕಣ್ಣ ಮುಂಗಡ ಅವನ ಕೈಗಿಟ್ಟು, ಕಟ್ಟನ್ನು ತಬ್ಬಿಕೊಂಡ. ಮಗುವನ್ನು ಎತ್ತಿಕೊಂಡಷ್ಟು ಜೋಪಾನವಾಗಿ ತಬ್ಬಿಕೊಂಡ.

ಪಕ್ಕದಲ್ಲಿ ಹೂವು ಕಟ್ಟುತ್ತಿದ್ದವನು, ಎದುರಿಗೆ ನಿಂಬೆಹಣ್ಣು ಆರಿಸುತ್ತಿದ್ದವನು, ಆಟೋದಲ್ಲಿ ನಿದ್ದೆ ಹೊಡೆಯುತ್ತಿದ್ದವನು, ಎಲ್ಲರೂ ಒಮ್ಮೆಗೇ ಎದ್ದು ಬಂದು ಅವನ ರಟ್ಟೆ ಹಿಡಿದರು. ಹಿಂದಿನಿಂದ ಗಿರಿಜಾ ಮೀಸೆಯ ಇನ್‌ಸ್ಪೆಕ್ಟರ್ ವೀರಬಸಪ್ಪ ನಡೆದುಕೊಂಡು ಬಂದರು. “ಹೆಲ್ಮೆಟ್ ತೆಗೀರಿ ಯಜಮಾನ್ರೇ. ಫೋಟೋ ಬೇಕು,” ಎಂದರು. ಕೋಗಿಲಿನ ಅರ್ಧ ಊರು ತನ್ನ ಫೋನಿನಲ್ಲೂ ಒಂದೊಂದು ತೆಗೆದುಕೊಂಡಿತು.

ಜೀಪು ಬಂದು ನಿಂತದ್ದು ಬೆಳಿಗ್ಗೆ ಹೋಗಿದ್ದ ಅದೇ ಠಾಣೆಯ ಮುಂದೆ. ವೀರಬಸಪ್ಪ ಕುರ್ಚಿಯಲ್ಲಿ ಕೂತು ರೆಕಾರ್ಡಿಂಗ್ ಕೇಳಿಸಿಕೊಂಡರು.

“ತಾಯಿಗೆ ಕಣ್ಣು ಕಾಣುತ್ತೆ ಅಂತ ಕೋವಿ ಕೊಳ್ಳೋ ಮಗನ್ನ ನನ್ನ ಸರ್ವಿಸಿನಲ್ಲಿ ಇದೇ ಮೊದಲು ನೋಡ್ತಿರೋದು. ಲೈಸೆನ್ಸ್ ಇಲ್ದೆ ಆಯುಧ ಕೊಳ್ಳೋ ಪ್ರಯತ್ನ. ಜೈಲು ಗ್ಯಾರಂಟಿ. ಪಂಚಪ್ಪ, ಮಾಲನ್ನ ಬಿಚ್ಚಿ ಮೇಜಿನ ಮೇಲಿಡಿ.”

ಪಂಚಪ್ಪ ಬಾಳೆಕಂದುಗಳನ್ನು ಒಂದೊಂದಾಗಿ ತೆಗೆದರು. ಅವರು ಲಕ್ಕಣ್ಣನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ಕೊನೆಯ ಕಂದು ಸರಿದಾಗ ಕೋವಿಯ ಹಿಂಭಾಗ ಬೆಳಕಿಗೆ ಬಂತು. ಅಲ್ಲಿ ಬಿರುಕಿನ ಮೇಲೆ ಒಂದು ಹಿತ್ತಾಳೆ ತಗಡು ಬಡಿದಿತ್ತು. ತಗಡಿನ ಅಂಚಿನಲ್ಲಿ ಹಳೆಯ ಕುಂಕುಮ ಕೂತಿತ್ತು.

ಲಕ್ಕಣ್ಣ ಕುರ್ಚಿಯಿಂದ ಎದ್ದುಬಿಟ್ಟ. ಆ ತಗಡು ಅವನ ಅಜ್ಜಿಯ ಚೊಂಬು. ತಾತ ಕತ್ತರಿಸಿ ಬಡಿದದ್ದು. ಆ ಕುಂಕುಮ ಅವನ ತಾಯಿ ಇಟ್ಟದ್ದು.

“ಸಾರ್, ಇದು ನಮ್ಮ ಕೋವಿ,” ಎಂದ.

“ಇನ್ನೂ ಆಗಿಲ್ಲ. ಬರೀ ಮುಂಗಡ ಕೊಟ್ಟಿದ್ದೀರಿ.”

“ಮೊದ್ಲಿಂದಾನೂ ನಮ್ದೇ ಸಾರ್. ಚುನಾವಣೆಗೆ ಅಂತ ಇಲ್ಲಿ ಒಪ್ಪಿಸಿದ್ದು. ಪಂಚಪ್ಪನೋರನ್ನ ಕೇಳಿ.”

ವೀರಬಸಪ್ಪ ತಿರುಗಿದರು. “ಏನ್ರೀ ಇದು?”

“ತಾವೇ ಹೇಳಿದ್ರಲ್ಲ ಸಾರ್,” ಎಂದರು ಪಂಚಪ್ಪ, “ಆಸೆ ತೋರ್ಸೋಕೆ ಒಂದು ಹಳೇದು, ಸುಡದೇ ಇರೋದು ಸ್ಟೋರಿಂದ ಕೊಡಿ ಅಂತ. ಐದಾರು ಹಳೇವಿದ್ವು. ಇದರ ಚೀಟಿ ಬಿದ್ದೋಗಿತ್ತು. ಕೇಳೋಕೂ ಯಾರೂ ಬರ್ತಿರ್ಲಿಲ್ಲ.”

“ಇವತ್ತು ಬೆಳಿಗ್ಗೆ ಬಂದಿದ್ನಲ್ಲ,” ಎಂದ ಲಕ್ಕಣ್ಣ.

“ಅಷ್ಟೊತ್ತಿಗೆ ಅದು ಹೆಬ್ಬಾಳಕ್ಕೆ ಹೊರಟುಹೋಗಿತ್ತು.”

ವೀರಬಸಪ್ಪ ಮೀಸೆ ತೀಡಿಕೊಂಡರು. ಮನುಷ್ಯ ಕೆಟ್ಟವರಲ್ಲ. “ತನ್ನ ಕೋವಿನೇ ಕೊಳ್ಳೋಕ್ ಬಂದೋನು ಅಂತ ಕೇಸ್ ಹಾಕಿದ್ರೆ ಕೋರ್ಟಿನಲ್ಲಿ ನಗೆಪಾಟಲಾಗೋನು ನಾನು. ಆದ್ರೆ ನಿಮ್ದು ಅಂತ ನೀವು ಹೇಳಿದ್ರೆ ಸಾಲದು. ಗುರುತು ಹೇಳೋರು ಬೇರೆ ಯಾರಾದ್ರೂ ಇದ್ದಾರಾ? ಹೇಳಿದ್ರೆ ಕೊಳ್ಳೋ ಕೇಸು ಇಲ್ಲಿಗೇ ಮುಗೀತು.”

ಇದ್ದವಳು ಒಬ್ಬಳೇ. ಜೈಲು ಒಂದು ಕಡೆ, ಅಮ್ಮ ಇನ್ನೊಂದು ಕಡೆ. ಲಕ್ಕಣ್ಣ ಉತ್ತರ ಕೊಡಲು ಬಹಳ ಹೊತ್ತು ತೆಗೆದುಕೊಂಡ. ಇನ್ನೂ ತೆಗೆದುಕೊಳ್ಳುತ್ತಿದ್ದನೋ ಏನೋ, ಬಾಗಿಲಲ್ಲಿ ಆಟೋ ನಿಂತಿತು. ಪಿಳ್ಳಣ್ಣ ಸೊಣ್ಣಮ್ಮನ ಕೈ ಹಿಡಿದು ಇಳಿಸಿಕೊಂಡು ಬರುತ್ತಿದ್ದ. ಫೋಟೋ ಆಗಲೇ ಗುಂಪಿನಲ್ಲಿ ಬಂದಿತ್ತು.

ಇನ್‌ಸ್ಪೆಕ್ಟರು ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು. “ಅಜ್ಜಿ, ಈ ಕೋವಿ ನಿಮ್ದಾ? ಸರಿಯಾಗಿ ನೋಡಿ ಹೇಳಿ. ನಿಮ್ಮ ಮಗ ಬಿಡುಗಡೆ ಆಗೋದು ನಿಮ್ಮ ಮಾತಿನ ಮೇಲಿದೆ.”

ಸೊಣ್ಣಮ್ಮ ಕೋವಿಯನ್ನು ನೋಡಿದಳು. ತಗಡನ್ನು ಮುಟ್ಟಿದಳು. ಇನ್‌ಸ್ಪೆಕ್ಟರ ಬೆನ್ನ ಹಿಂದೆ ಲಕ್ಕಣ್ಣ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

“ನಮ್ದೂ ಇಂಗೇ ಐತೆ ಸ್ವಾಮಿ,” ಎಂದಳು ಸೊಣ್ಣಮ್ಮ. “ಆದ್ರೆ ಇದು ನಮ್ದಲ್ಲ. ನಮ್ದು ಅಟ್ಟದ ಮೇಲೈತೆ.”

“ಅಮ್ಮ, ಅದು ಕೋವಿ ಅಲ್ಲ,” ಎಂದ ಲಕ್ಕಣ್ಣ.

“ನೀನ್ ಸುಮ್ಕಿರ್ಲಾ. ಕದ್ದ ಮಾಲು ನಮ್ಗ್ಯಾಕೆ? ನಮ್ ಲಕ್ಕ ಸುಳ್ ಯೋಳೋನಲ್ಲ ಸ್ವಾಮಿ. ಎಲ್ಡ್ ವರ್ಸದಿಂದ ಅವನೇ ಅಟ್ಟದಿಂದ ಇಳ್ಸವ್ನೆ, ನಾನೇ ಪೂಜೆ ಮಾಡಿವ್ನಿ. ನಾಳೀಕೂ ಅದುಕ್ಕೇ ಪೂಜೆ. ಬೇಕಾರೆ ಬಂದು ನೋಡಿ.”

ಮಗನ ಮೇಲೆ ತಾಯಿಗಿದ್ದ ನಂಬಿಕೆ ಕೇಳಿ ಪಂಚಪ್ಪನವರಿಗೂ ಕನಿಕರವಾಯಿತು. ವೀರಬಸಪ್ಪನವರ ಕಣ್ಣು ಮಾತ್ರ ಅರಳಿತು. “ಅಟ್ಟದ ಮೇಲೆ ಇನ್ನೊಂದಿದೆಯಾ? ಗೋಕುಲ್, ಜೀಪ್ ತೆಗಿ.”

ಕೋವಿ ಮನೆಯ ಬೀದಿಯಲ್ಲಿ ಜನ ಗಾಡಿ ತೊಳೆಯುತ್ತಿದ್ದರು. ಜೀಪು ಬಂದದ್ದು ಕಂಡು ಒಬ್ಬ, “ಸಾರ್, ನಾಳೆ ನಿಮ್ ಜೀಪಿಗೂ ಇಲ್ಲೇ ಪೂಜೆನಾ?” ಎಂದು ಕೇಳಿದ. ಗೋಕುಲ್ ಅಟ್ಟ ಹತ್ತಿದ. ಹಳೇ ಕಂಬಳಿಯಲ್ಲಿ ಸುತ್ತಿದ್ದ ಉದ್ದನೆಯ ಗಂಟನ್ನು ಇಳಿಸಿ ನಡುಮನೆಯಲ್ಲಿ ಬಿಚ್ಚಿದ. ಎಲ್ಲರೂ ಬಾಗಿ ನೋಡಿದರು. ಪೇಂಟ್ ಕಿತ್ತುಹೋದ ಕಡೆ ಬಿಳಿ ಪ್ಲಾಸ್ಟಿಕ್ ಇಣುಕುತ್ತಿತ್ತು. ಬ್ಯಾಟಿನ ಮೇಲೆ ಅರ್ಧ ಹರಿದ ಸ್ಟಿಕ್ಕರು. ಅದರ ಮೇಲೆ ಎರಡು ವರ್ಷದ ಕುಂಕುಮ.

ಸೊಣ್ಣಮ್ಮ ಅದನ್ನು ಕೈಗೆ ತೆಗೆದುಕೊಂಡಳು. ಬೆರಳಿನಿಂದ ತಟ್ಟಿದಳು. ಟೊಳ್ಳು ಸದ್ದು ಬಂತು. ನಾಗಲಕ್ಷ್ಮಿ ಮೆಲ್ಲಗೆ ಅಡುಗೆಮನೆಗೆ ಹೋದಳು. ಲಕ್ಕಣ್ಣನಿಗೆ ಹೋಗಲು ಜಾಗ ಇರಲಿಲ್ಲ.

“ಇದುಕ್ಕೇನ್ಲಾ ನಾನು ಎಲ್ಡ್ ವರ್ಸ ಕೈ ಮುಗ್ದಿದ್ದು?” ಎಂದಳು. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿದಳು. “ಅಂಗಾರೆ ಅಲ್ಲಿ ಮೇಜಿನ್ ಮೇಲಿರೋದೇ ನಮ್ದು ಸ್ವಾಮಿ. ಆ ತಗ್ಡು ನಮ್ಮತ್ತೆ ಚೊಂಬಿಂದು.”

ವೀರಬಸಪ್ಪ ನಿಟ್ಟುಸಿರು ಬಿಟ್ಟರು. ಕೈಗೆ ಬಂದ ಎರಡು ಕೇಸುಗಳಲ್ಲಿ ಒಂದು ಲಕ್ಕಣ್ಣನದೇ ಕೋವಿ, ಇನ್ನೊಂದು ಪೈಪು. “ಸರಿ. ಕೊಳ್ಳೋ ಕೇಸು ಮುಗೀತು. ತೀರಿಹೋದವರ ಲೈಸೆನ್ಸಿನಲ್ಲಿ ಕೋವಿ ಇಟ್ಕೊಂಡಿದ್ದಕ್ಕೆ ಒಂದು ಕೇಸ್ ಆಗೇ ಆಗುತ್ತೆ. ಕೋವಿ ನಮ್ಮ ಹತ್ರಾನೇ ಇರುತ್ತೆ. ಮನೆಯವರು ಯಾರಾದ್ರೂ ಜಾಮೀನು ನಿಂತ್ರೆ ಲಕ್ಕಣ್ಣನವರು ಇಲ್ಲೇ ಉಳೀಬಹುದು.”

ಲಕ್ಕಣ್ಣ ಪಿಳ್ಳಣ್ಣನ ಕಡೆ ನೋಡಿದ. ಪಿಳ್ಳಣ್ಣ, “ಮನೆಯವರು ಅಂದ್ರು ಕಣೋ ಸಾಹೇಬ್ರು,” ಎಂದು ಹೊಸಿಲು ದಾಟಿದ. ನಾಗಲಕ್ಷ್ಮಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು. ಸೊಣ್ಣಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

“ಸ್ವಾಮಿ, ನಿಮ್ ಠಾಣೇಲಿ ನಾಳೀಕೆ ಆಯುಧಪೂಜೆ ಮಾಡ್ತೀರಾ?”

“ಮಾಡ್ತೀವಿ ಅಜ್ಜಿ. ರೈಫಲ್ಲಿಗೆ, ಜೀಪಿಗೆ, ಎಲ್ಲಕ್ಕೂ.”

“ನಮ್ ಕೋವಿನೂ ಮಣೆ ಮೇಲೆ ಮಡಗ್ತೀರಾ?”

“ಅದಕ್ಕೇನಂತೆ, ಇಡೋಣ.”

ಸೊಣ್ಣಮ್ಮ ಹೊಸ ಕಣ್ಣಿನಿಂದ ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಪೈಪನ್ನು ಅವನ ಕೈಗೆ ಕೊಟ್ಟಳು.

“ಅಂಗಾರೆ ಇವನ್ನೂ ಕರ್ಕೊಂಡೋಗಿ ಸ್ವಾಮಿ. ಬೆಳಿಗ್ಗೆ ನಾನೇ ಅಲ್ಗೆ ಬತ್ತೀನಿ. ಇಬ್ರುಗೂ ಒಟ್ಗೇ ಕುಂಕುಮ ಇಕ್ತೀನಿ.”